ಯಾರಿಗೂ ತೊಂದರೆ ಕೊಡದವರು

ಆನ್‌ಸೈಟ್ ಅಂತ ಜಪಾನಿಗೆ ಕಳಿಸಿದಾಗ ನನಗೆ ಮನೆ ಸಿಕ್ಕಿದ್ದು ಟೋಕಿಯೋದಲ್ಲಲ್ಲ, ಮಾತ್ಸುದೊ ಅನ್ನೋ ಊರಲ್ಲಿ. ಎದೊ ನದಿ ದಾಟಿದರೆ ಟೋಕಿಯೋ ಮುಗಿದು ಚಿಬಾ ಪ್ರಾಂತ್ಯದ ಈ ಊರು ಶುರುವಾಗುತ್ತೆ. ಸುಮಾರು 5 ಲಕ್ಷ ಜನ. ಬೆಳಿಗ್ಗೆ ರೈಲು ಹತ್ತಿ ಹೋಗಿ ರಾತ್ರಿ ಮಲಗೋಕೆ ಬರುವವರೇ ಜಾಸ್ತಿ. ಜೋಬಾನ್ ಲೈನಿನ ಲೋಕಲ್ ರೈಲು ಹಾಗೇ ಮುಂದೆ ಹೋಗಿ ಚಿಯೋದಾ ಮೆಟ್ರೋ ಆಗಿಬಿಡುತ್ತೆ, ಹಾಗಾಗಿ ನಡುವೆ ಎಲ್ಲೂ ಇಳಿಯದೆ ಒತೆಮಾಚಿಯ ಆಫೀಸಿಗೆ ಹೋಗ್ತಿದ್ದೆ.

ಈ ಊರಿನ ಹೆಮ್ಮೆ ಒಂದು ಸರ್ಕಾರಿ ವಿಭಾಗ. ಜಪಾನಿಗೆ ಹೋದವರೆಲ್ಲ ಮಾತ್ಸುಮೊತೊ ಕಿಯೋಶಿ ಅನ್ನೋ ಔಷಧಿ ಅಂಗಡಿಯ ಹಳದಿ ಬೋರ್ಡ್ ನೋಡಿರ್ತಾರೆ. ಆ ಅಂಗಡಿ ಕಟ್ಟಿದ ಮನುಷ್ಯ 1969ರಲ್ಲಿ ಇಲ್ಲಿನ ಮೇಯರ್ ಆಗಿ, ನಗರಸಭೆಯಲ್ಲಿ 'ಸುಗು ಯಾರು ಕಾ' ಅಂತ ಒಂದು ವಿಭಾಗ ತೆರೆದರು. ನಮ್ಮ ಮಾತಲ್ಲಿ ಹೇಳೋದಾದರೆ 'ಈಗಲೇ ಮಾಡೋ ವಿಭಾಗ'. ಅದು ಇನ್ನೂ ಇದೆ. ಕಣಜದ ಗೂಡು ಕಟ್ಟಿದೆ, ರಸ್ತೇಲಿ ಪ್ರಾಣಿ ಸತ್ತು ಬಿದ್ದಿದೆ ಅಂದರೆ ಬರ್ತಾರೆ. ಅರ್ಜಿಗೆ ಮೂರು ಝೆರಾಕ್ಸ್ ಜೋಡಿಸಿ ಬೆಳೆದ ನನಗೆ ಇದು ಸ್ವರ್ಗ ಅನ್ನಿಸಿತು.

ಅದಕ್ಕಿಂತ ಹಿಡಿಸಿದ್ದು ಅಲ್ಲಿನ ಮೌನ. ಮೂರು ತಿಂಗಳು ಪಕ್ಕದ ಮನೆಯವರು ತಲೆ ಬಗ್ಗಿಸಿ ನಮಸ್ಕರಿಸಿದರೇ ಹೊರತು ಒಂದು ಪ್ರಶ್ನೆ ಕೇಳಲಿಲ್ಲ. ಇನ್ನೊಬ್ಬರಿಗೆ 'ಮೇಯ್ವಾಕು', ಅಂದರೆ ತೊಂದರೆ, ಕೊಡಬಾರದು ಅಂತ ಅಲ್ಲಿ ಮಕ್ಕಳಿಗೆ ಚಿಕ್ಕಂದಿನಿಂದಲೇ ಕಲಿಸ್ತಾರೆ. ಒಳ್ಳೆಯವನಾಗಿ ಬದುಕೋಕೆ ಇಷ್ಟೇ ಸಾಕಲ್ವಾ ಅಂತ ನಾನೂ ಅಂದುಕೊಂಡಿದ್ದೆ.

ಒಂದು ಭಾನುವಾರ ಚೆರ್ರಿ ಹೂ ನೋಡೋಕೆ ತೊಕಿವಾದೈರಾಕ್ಕೆ ಹೋದೆ. ಮಾತ್ಸುದೊದಿಂದ ಐದನೇ ಸ್ಟೇಷನ್. ಹೂವಿನ ಸಾಲು ದಾಟಿದರೆ ಒಂದೇ ಥರದ ಕಟ್ಟಡಗಳು ಸಾಲುಸಾಲಾಗಿ ನಿಂತಿವೆ. ಇಂಥ ಬಡಾವಣೆಗೆ ಅಲ್ಲಿ 'ದಾಂಚಿ' ಅಂತಾರೆ. ಸರ್ಕಾರದ ವಸತಿ ನಿಗಮ 1960ರಲ್ಲಿ ತೆರೆದಿದ್ದು, 4,800ಕ್ಕೂ ಹೆಚ್ಚು ಮನೆ. ಕೂಡುಕುಟುಂಬ ಬಿಟ್ಟು ಬಂದ ಹೊಸ ದಂಪತಿಗಳಿಗೆ ಆ ಕಾಲದಲ್ಲಿ ಇದು ಕನಸಿನ ಮನೆ: ತಮ್ಮದೇ ಅಡುಗೆಮನೆ, ಬಾಗಿಲಿಗೆ ಗಟ್ಟಿ ಬೀಗ. ಈಗ ಆ ದಾರಿಗಳಲ್ಲಿ ಕಾಣೋದು ಹೆಚ್ಚಾಗಿ ವಯಸ್ಸಾದವರೇ.

ಇಲ್ಲಿ ನಡೆದ ಘಟನೆ ಓದಿದ್ದು ಆಮೇಲೆ. 2000ದ ಆಸುಪಾಸಿನಲ್ಲಿ ಈ ದಾಂಚಿಯ ಒಂದು ಮನೆಯಲ್ಲಿ ಒಂಟಿ ಗಂಡಸೊಬ್ಬರ ಅಸ್ಥಿಪಂಜರ ಸಿಕ್ಕಿತು. ಸತ್ತು ಮೂರು ವರ್ಷವಾಗಿತ್ತು. ಬಾಡಿಗೆ, ಕರೆಂಟ್ ಬಿಲ್ ಎಲ್ಲ ಬ್ಯಾಂಕ್ ಖಾತೆಯಿಂದ ತಾನಾಗೇ ಕಟ್ಟಾಗ್ತಿತ್ತು. ಉಳಿತಾಯ ಖಾಲಿಯಾಗಿ ಬಾಡಿಗೆ ನಿಂತ ಮೇಲೆ ಬಾಗಿಲು ತೆಗೆಸಿದರು.

ನನ್ನ ಕೆಲಸ ಬಿಲ್ಲಿಂಗ್ ಸಾಫ್ಟ್‌ವೇರ್. ತಿಂಗಳ ಒಂದನೇ ತಾರೀಖು ರಾತ್ರಿ ಓಡೋ ಬ್ಯಾಚ್, ಬೆಳಿಗ್ಗೆ ಲಾಗಿನಲ್ಲಿ 'ಸಕ್ಸಸ್'. ಆ ಮನುಷ್ಯನ ಹೆಸರಿನ ಮುಂದೆಯೂ ಮೂವತ್ತಾರು ಸಲ ಹಾಗೇ ಬಂದಿರಬೇಕು. ಒಂದು ಸರ್ವರ್ ಒಂದು ನಿಮಿಷ ಉಸಿರಾಡದಿದ್ದರೆ ನಡುರಾತ್ರಿ ನನ್ನ ಫೋನ್ ಬಡಿದುಕೊಳ್ಳುತ್ತೆ.

ಅಕ್ಕಪಕ್ಕದವರು ಕೆಟ್ಟವರೇ? ಆತ ಯಾರಿಗೂ ತೊಂದರೆ ಕೊಡಲಿಲ್ಲ, ಅವರೂ ಆತನಿಗೆ ಕೊಡಲಿಲ್ಲ. ನಾನು ಮೆಚ್ಚಿದ ನಿಯಮವನ್ನು ಎರಡೂ ಕಡೆಯವರು ಚಾಚೂ ತಪ್ಪದೆ ಪಾಲಿಸಿದ್ದರು. ನನ್ನನ್ನು ಕೂರಲು ಬಿಡದೇ ಇದ್ದದ್ದು ಅದೇ.

ಇಲ್ಲಿ ನಮ್ಮೂರನ್ನು ಹೊಗಳೋದು ಸುಲಭ. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಮೂರು ವರ್ಷ ಇರಲಿ, ಮೂರು ಹೊತ್ತು ಹೊಗೆ ಏಳದಿದ್ದರೆ ಯಾರಾದರೂ ಒಳಗೆ ಬಂದು ನೋಡ್ತಾರೆ. ಆದರೆ ಒಲೆ ನೋಡೋ ಕಣ್ಣೇ ಅಕ್ಕ ಯಾರ ಜೊತೆ ಬಸ್ಸಿಂದ ಇಳಿದಳು ಅಂತಲೂ ನೋಡಿತ್ತು. 'ಎಲ್ಲಿಗೆ ಹೊಂಟೆ ಮಗಾ?' ಅಂದ ಬಾಯೇ ಜೊತೇಲಿ ಬಂದ ಗೆಳೆಯನನ್ನು 'ಯಾರ ಪೈಕಿ?' ಅಂತ ಕೇಳಿ, ಉತ್ತರ ನೋಡಿಕೊಂಡು ಲೋಟ ಬೇರೆ ಮಾಡಿತ್ತು. ಬಿಇ ಮುಗಿಸಿ ನಾನು ಓಡಿಬಂದಿದ್ದು ಸಂಬಳಕ್ಕೆ ಮಾತ್ರ ಅಂದರೆ ಸುಳ್ಳಾಗುತ್ತೆ. ಗಟ್ಟಿ ಬೀಗದ ಬಾಗಿಲು ನನಗೂ ಬೇಕಿತ್ತು, 1960ರ ಆ ದಂಪತಿಗಳ ಹಾಗೇ.

ಹಾಗಾಗಿ ದಾಂಚಿಯವರು ಆಮೇಲೆ ಮಾಡಿದ್ದು ನನಗೆ ಮುಖ್ಯ ಅನ್ನಿಸುತ್ತೆ. ಅವರು ಹಳ್ಳಿಗೆ ವಾಪಸ್ ಹೋಗಲಿಲ್ಲ. ಒಂಟಿ ಸಾವಿಗೆ ಅಲ್ಲಿ 'ಕೊದೊಕುಶಿ' ಅಂತ ಹೆಸರಿದೆ. ಅದನ್ನು ಸೊನ್ನೆಗೆ ಇಳಿಸ್ತೀವಿ ಅಂತ ನಿವಾಸಿಗಳ ಸಂಘವೇ ಹೊರಟಿತು. ಬಾಗಿಲಲ್ಲಿ ಪೇಪರ್ ರಾಶಿ ಬಿದ್ದಿದ್ದರೆ ಹಾಕುವವರು ತಿಳಿಸೋದು, 100 ಯೆನ್ ಕೊಟ್ಟರೆ ಕಾಫಿ ಕುಡಿದು ಎಷ್ಟು ಹೊತ್ತಾದರೂ ಕೂರಬಹುದಾದ ಒಂದು ಕೋಣೆ. ಒಬ್ಬ ಅಜ್ಜಿ ಎದುರು ಕಟ್ಟಡದವರಿಗೆ ಹೇಳಿಟ್ಟಿದ್ದರಂತೆ: ದಿನಾ ಬೆಳಿಗ್ಗೆ ನನ್ನ ಕಿಟಕಿಯ ಕಾಗದದ ಪರದೆ ತೆರೆದಿರುತ್ತೆ, ಮುಚ್ಚೇ ಇದ್ದರೆ ನಾನು ಹೋದೆ ಅಂತ ತಿಳ್ಕೊಳ್ಳಿ. ಅವರು ಕೇಳಿಕೊಂಡಿದ್ದು ದಿನಕ್ಕೊಂದು ಸಲ ಆ ಕಿಟಕಿ ಕಡೆ ನೋಡಿ ಅಂತ, ಅಷ್ಟೇ. ಈ ಕೆಲಸಕ್ಕೆ 'ಈಗಲೇ ಮಾಡೋ ವಿಭಾಗ'ದಿಂದ ಯಾರೂ ಬರಲಾರರು. ಪರದೆ ಮುಚ್ಚಿದೆ ಅಂತ ಅವರಿಗೆ ಫೋನ್ ಮಾಡೋಕೂ ಅದನ್ನು ನೋಡಿದವರೊಬ್ಬರು ಇರಬೇಕು.

ಬೆಂಗಳೂರಿಗೆ ಬಂದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಎದುರು ಬಾಗಿಲಲ್ಲಿ ಎರಡು ದಿನದ ಪೇಪರ್ ಬಿದ್ದಿತ್ತು. ಆ ಮನೆಯ ಅಂಕಲ್ ಹೆಸರೂ ನನಗೆ ಗೊತ್ತಿರಲಿಲ್ಲ. ಮೂರನೇ ದಿನ ಬೆಲ್ ಒತ್ತಿದೆ. ಬನಿಯನ್ನಲ್ಲೇ ಬಂದು ಅರ್ಧ ಬಾಗಿಲು ತೆಗೆದು "ಏನ್ರೀ, ಮೇಂಟೆನೆನ್ಸಾ?" ಅಂದರು. "ಇಲ್ಲ ಸಾರ್, ಪೇಪರ್ ಇಲ್ಲೇ ಬಿದ್ದಿತ್ತು..." ಅಂದೆ. ಪೇಪರ್ ನೋಡಿದರು, ನನ್ನನ್ನು ನೋಡಿದರು. "ಜ್ವರ ಕಣ್ರೀ," ಅಂದು ಬಾಗಿಲು ಇನ್ನಷ್ಟು ತೆಗೆದರು.