ರುಚಿಯೂ ನ್ಯಾಯವೂ

ಮನುಷ್ಯನು ದಿನವೊಂದಕ್ಕೆ ಎಷ್ಟು ಬಾರಿ ತೀರ್ಪು ಕೊಡುತ್ತಾನೆಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ. ನ್ಯಾಯಸ್ಥಾನದಲ್ಲಿ ಕುಳಿತವನು ಸಾಕ್ಷಿಪುರಾವೆಗಳನ್ನು ನೋಡಿ, ಉಭಯಪಕ್ಷದವರ ಮಾತನ್ನೂ ಕೇಳಿ, ಕಡೆಗೆ ಒಂದು ಮಾತನ್ನಾಡುತ್ತಾನೆ. ಊಟದ ಎಲೆಯ ಮುಂದೆ ಕುಳಿತವನಾದರೋ ಒಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿಯೇ “ಇದು ಚೆನ್ನಾಗಿಲ್ಲ” ಎಂದುಬಿಡುತ್ತಾನೆ. ಅದಕ್ಕೆ ಸಾಕ್ಷಿಯೂ ಬೇಡ, ವಿಚಾರಣೆಯೂ ಬೇಡ. ನಾಲಗೆಯೇ ವಾದಿ, ನಾಲಗೆಯೇ ನ್ಯಾಯಾಧಿಪತಿ. “ಅವರವರ ರುಚಿ ಅವರವರಿಗೆ” ಎಂಬ ಲೋಕೋಕ್ತಿಯು ಈ ಆತುರಕ್ಕೆ ರಕ್ಷೆಯಾಗಿ ನಿಂತಿದೆ. ಆದರೆ “ಇದು ನನಗೆ ಸೇರದು” ಎಂಬ ಮಾತೂ “ಇದು ಕೆಟ್ಟದ್ದು” ಎಂಬ ಮಾತೂ ಒಂದೆಯೇ? ಒಂದಲ್ಲವಾದರೆ, ಮೊದಲನೆಯದನ್ನು ಹೇಳಬೇಕಾದಲ್ಲಿ ಎರಡನೆಯದನ್ನು ಹೇಳುವುದು ಕೇವಲ ಮಾತಿನ ಅಜಾಗ್ರತೆಯೋ, ಅಥವಾ ಸತ್ಯಕ್ಕೆ ಮಾಡಿದ ಅಪಚಾರವೋ? ಈ ಪ್ರಶ್ನೆಯ ಪರೀಕ್ಷೆಗೆ ದೂರದೇಶದ ರೈತರ ಪಾನೀಯವೊಂದು ತಕ್ಕ ದೃಷ್ಟಾಂತವಾಗಿದೆ.

ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದ ಪಶ್ಚಿಮಕ್ಕೆ ಪಾಯೋಟನ್‌ಲಾಂಡ್ ಎಂಬ ಒಕ್ಕಲುತನದ ಪ್ರಾಂತವಿದೆ. ಅಲ್ಲಿಯ ರೈತರು ಹೊಲದ ಕೆಲಸ ಕಡಮೆಯಾಗುವ ಚಳಿಗಾಲದಲ್ಲಿ ಗೋಧಿ ಬಾರ್ಲಿಗಳಿಂದ ತಮ್ಮ ಮನೆಗಳಲ್ಲಿಯೇ ಬಿಯರು ಕಾಯಿಸುತ್ತಿದ್ದರು. ಆ ಬಗೆಯ ಬಿಯರಿಗೆ ಲ್ಯಾಂಬಿಕ್ ಎಂದು ಹೆಸರು. ಅದರಲ್ಲಿ ಹುಳಿಜಾತಿಯ ಚೆರಿ ಹಣ್ಣುಗಳನ್ನು ನೆನೆಯಿಟ್ಟು ಸಿದ್ಧಪಡಿಸಿದುದು ಕ್ರೀಕ್. ಆ ಭಾಗದ ಭಾಷೆಯಲ್ಲಿ ಕ್ರೀಕ್ ಎಂಬುದು ಆ ಹಣ್ಣಿನ ಹೆಸರೇ ಆಗಿದೆ.

ಇಂದಿನ ಬಿಯರುಗಳಲ್ಲಿ ಬಹುಪಾಲು, ಆರಿಸಿ ಬೆಳೆಸಿದ ಯೀಸ್ಟನ್ನು ಹಾಕಿ ಹುದುಗಿಸತಕ್ಕವು. ಒಂದೇ ಯೀಸ್ಟ್ ಕಣದಿಂದ ಶುದ್ಧಸಂತಾನವನ್ನು ಬೆಳೆಸುವ ಕ್ರಮವನ್ನು 1883ರಲ್ಲಿ ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಎಂಬ ವಿಜ್ಞಾನಿಯು ಬಳಕೆಗೆ ತಂದನು. ಲ್ಯಾಂಬಿಕ್ ಈ ಕ್ರಮಕ್ಕೆ ಒಳಪಟ್ಟುದಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನೂ ಮೊಳಕೆ ಬರಿಸದ ಗೋಧಿಯನ್ನೂ ಕೂಡಿಸಿ ತೆಗೆದ ರಸವನ್ನು, ವರ್ಷಗಟ್ಟಲೆ ಇಟ್ಟು ಕಹಿಯನ್ನು ಕಳೆದುಕೊಂಡ ಹಾಪ್ ಹೂಗಳೊಡನೆ ಬಹಳ ಹೊತ್ತು ಕುದಿಸುತ್ತಾರೆ. ತರುವಾಯ ಮನೆಯ ಮಾಡಿನ ಕೆಳಗೆ ಅಗಲವಾದ, ಆಳವಿಲ್ಲದ ತೆರೆದ ಪಾತ್ರೆಯಲ್ಲಿ ರಾತ್ರಿಯೆಲ್ಲ ಆರಲು ಬಿಡುತ್ತಾರೆ. ಯಾರೂ ಹೊರಗಿನಿಂದ ಹುದುಗು ಹಾಕದಿದ್ದರೂ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಹುಳಿಬಂದು ಉಬ್ಬುವಂತೆ, ಗಾಳಿಯಲ್ಲಿಯೂ ಮರದ ಪೀಪಾಯಿಗಳಲ್ಲಿಯೂ ನೆಲೆಸಿರುವ ಸೂಕ್ಷ್ಮಜೀವಿಗಳೇ ಆ ರಸದ ಹುದುಗಾಗುತ್ತವೆ. ಬೇಸಗೆಯ ಗಾಳಿಯಲ್ಲಿ ಬೇಡದ ಜೀವಿಗಳು ಹೆಚ್ಚುವುದರಿಂದ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಮಾತ್ರ ಈ ಕೆಲಸ ನಡೆಯುವುದು ವಾಡಿಕೆ. ಅಲ್ಲಿಂದ ಮುಂದೆ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷಗಳ ವಾಸ. ಬ್ರಸೆಲ್ಸಿನ ಆಂದರ್ಲೆಖ್ತ್ ಭಾಗದಲ್ಲಿ 1900ರಲ್ಲಿ ಆರಂಭವಾದ ಕಾಂಟಿಯೋನ್ ಎಂಬ ಮನೆತನದ ಕಾರ್ಖಾನೆಯು ಈ ಪದ್ಧತಿಯನ್ನು ಬಿಡದೆ ಉಳಿಸಿಕೊಂಡಿದೆ. ಅಲ್ಲಿ ಜೇಡರ ಬಲೆಗಳನ್ನು ಗುಡಿಸಿ ತೆಗೆಯುವುದಿಲ್ಲ. ಹಣ್ಣಿಗೆ ಮುತ್ತುವ ನೊಣಗಳನ್ನು ಜೇಡಗಳು ಹಿಡಿಯುವುದೇ ಇದಕ್ಕೆ ಕಾರಣ.

ಹೀಗೆ ಪಕ್ವವಾದ ಲ್ಯಾಂಬಿಕ್ಕಿಗೆ ಲೀಟರೊಂದಕ್ಕೆ ಸುಮಾರು 200 ಗ್ರಾಮಿನಷ್ಟು ಚೆರಿ ಹಣ್ಣುಗಳನ್ನು ಓಟೆಸಹಿತವಾಗಿ ಹಾಕಿ ಕೆಲವು ತಿಂಗಳು ಬಿಡುತ್ತಾರೆ. ಹಣ್ಣಿನ ಸಕ್ಕರೆಯು ಸಿಕ್ಕಿದೊಡನೆ ಹುದುಗುವಿಕೆ ಮರಳಿ ಆರಂಭವಾಗಿ, ಆ ಸಕ್ಕರೆಯು ಕ್ರಮೇಣ ಕರಗಿಹೋಗುತ್ತದೆ. ಕಡೆಗೆ ಉಳಿಯುವುದು ಹಣ್ಣಿನ ಕೆಂಪು, ಹಣ್ಣಿನ ಪರಿಮಳ, ಹಣ್ಣಿನ ಹುಳಿ, ಮತ್ತು ಓಟೆಯಿಂದ ಬಂದ ಬಾದಾಮಿಯಂಥ ಒಂದು ವಾಸನೆ. ಸಿಹಿ ಮಾತ್ರ ಉಳಿಯುವುದಿಲ್ಲ.

ಇಂಥ ಪಾನೀಯವನ್ನು ಮೊದಲ ಸಲ ಕೈಗೆ ತೆಗೆದುಕೊಂಡ ಪ್ರವಾಸಿಯೊಬ್ಬನನ್ನು ವಾಚಕರು ಊಹಿಸಿಕೊಳ್ಳಲಿ. ಗಾಜಿನ ಲೋಟದಲ್ಲಿ ದಾಳಿಂಬೆಯ ಬಣ್ಣ ಕಾಣುತ್ತದೆ. ಹಣ್ಣಿನ ಬಿಯರೆಂದು ಹೆಸರನ್ನು ಕೇಳಿದ್ದಾನೆ. ಹಣ್ಣೆಂದಮೇಲೆ ಸಿಹಿಯೆಂದು ಅವನ ಮನಸ್ಸು ನಾಲಗೆಗಿಂತ ಮುಂಚೆಯೇ ನಿಶ್ಚಯಿಸಿಬಿಟ್ಟಿದೆ. ಒಂದು ಗುಟುಕು ಕುಡಿಯುತ್ತಾನೆ. ಹಲ್ಲು ಚುಳ್ಳೆನ್ನುವ ಹುಳಿ. ಅದರ ಹಿಂದೆಯೇ ಒದ್ದೆಯಾದ ಹುಲ್ಲಿನಂತೆ, ಕುದುರೆಯ ಮೇಲೆ ಹೊದಿಸಿದ ಕಂಬಳಿಯಂತೆ ಒಂದು ವಾಸನೆ. ಮುಖ ಕಿವಿಚಿ ಲೋಟವನ್ನು ಕೆಳಗಿಟ್ಟು “ಇದು ಹಳಸಿದೆ” ಎನ್ನುತ್ತಾನೆ. ಪಕ್ಕದ ಮೇಜಿನಲ್ಲಿರುವ ಆ ಸೀಮೆಯ ವೃದ್ಧನು ಅದೇ ಪೀಪಾಯಿಯಿಂದ ಬಂದ ಲೋಟವನ್ನು ಮೂಸಿ, ಸವಿದು, “ಈ ವರ್ಷದ್ದು ಚೆನ್ನಾಗಿ ಬಂದಿದೆ” ಎನ್ನುತ್ತಾನೆ. ಇವರಲ್ಲಿ ಯಾರ ಮಾತು ನಿಜ?

ಪೂರ್ವಪಕ್ಷಿಯು ಹೇಳುವುದೇನೆಂದರೆ: ಇಬ್ಬರದೂ ನಿಜ. ರುಚಿಯೆಂಬುದು ವಸ್ತುವಿನ ಧರ್ಮವಲ್ಲ, ನಾಲಗೆಯ ಧರ್ಮ. 1904ರಲ್ಲಿ ಕಾರ್ಲ್ಸ್‌ಬರ್ಗಿನ ಕ್ಲೌಸೆನ್ ಎಂಬ ವಿಜ್ಞಾನಿಯು ಇಂಗ್ಲೆಂಡಿನಲ್ಲಿ ಬಹುಕಾಲ ಇಟ್ಟ ಬಿಯರುಗಳ ವಿಶಿಷ್ಟವಾದ ಸ್ವಾದಕ್ಕೆ ಕಾರಣವಾದ ಒಂದು ಯೀಸ್ಟಿಗೆ ಬ್ರೆಟನೋಮೈಸಿಸ್ ಎಂದು ಹೆಸರಿಟ್ಟನು. ಆ ಕಂಬಳಿಯ ವಾಸನೆಯನ್ನು ಕೊಡುವುದು ಅದೇ ಯೀಸ್ಟು. ದ್ರಾಕ್ಷಾಮದ್ಯವನ್ನು ಮಾಡುವವರಲ್ಲಿ ಬಹುಮಂದಿ ಅದನ್ನು ತಮ್ಮ ಪೀಪಾಯಿಗಳಿಗೆ ಹತ್ತಿದ ಪಿಡುಗೆಂದು ಭಾವಿಸುತ್ತಾರೆ. ಲ್ಯಾಂಬಿಕ್ಕಿನವರು ಅದಿಲ್ಲದೆ ತಮ್ಮ ಬಿಯರೇ ಇಲ್ಲವೆನ್ನುತ್ತಾರೆ. ಒಂದೇ ವಾಸನೆ ಒಂದು ಮನೆಯಲ್ಲಿ ದೋಷ, ಇನ್ನೊಂದು ಮನೆಯಲ್ಲಿ ಗುಣ. ಹೀಗಿರಲು ರುಚಿಯ ವಿಷಯದಲ್ಲಿ ಸತ್ಯಾಸತ್ಯದ ಮಾತೇಕೆ?

ಈ ವಾದವು ಮೇಲುನೋಟಕ್ಕೆ ಉದಾರವಾಗಿ ಕಾಣುತ್ತದೆಯಾದರೂ ವಿಚಾರಕ್ಕೆ ನಿಲ್ಲುವುದಿಲ್ಲ. ಪ್ರವಾಸಿಯು “ನನಗೆ ಹಿತವಾಗಲಿಲ್ಲ” ಎಂದಿದ್ದರೆ ಅವನ ಮಾತು ಅವನ ನಾಲಗೆಯ ವಿಷಯವಾಗುತ್ತಿತ್ತು; ಅದನ್ನು ಯಾರೂ ಅಲ್ಲಗಳೆಯಲಾರರು. ಅವನು ಹೇಳಿದುದಾದರೋ “ಹಳಸಿದೆ” ಎಂದು. ಅದು ಪೀಪಾಯಿಯ ವಿಷಯದ ಮಾತು, ಆದಕಾರಣ ಸುಳ್ಳಾಗಬಲ್ಲ ಮಾತು. ಒಂದು ವಸ್ತುವಿನ ಗುಣದೋಷವನ್ನು ಅದು ಏನಾಗಲು ಹೊರಟಿದೆಯೋ ಆ ಸ್ವಧರ್ಮದಿಂದ ಅಳೆಯಬೇಕು. ಹಾಲು ಹುಳಿಯಾದರೆ ಕೆಟ್ಟಿತು. ಮೊಸರು ಹುಳಿಯಾದರೆ ಮೊಸರಾಯಿತು. ಹಾಗೆಂದು ಲ್ಯಾಂಬಿಕ್ಕಿನಲ್ಲಿ ಹುಳಿಯೆಲ್ಲವೂ ಗುಣವೆಂದಲ್ಲ. ಪೀಪಾಯಿಗೆ ಗಾಳಿ ಹೊಕ್ಕು ಹುಳಿಯು ಕಾಡಿಯ ಹುಳಿಯಾಗಿ ಮೂಗಿಗೆ ಹೊಡೆದರೆ ಅದನ್ನು ಮಾಡುವವರೇ ಕೆಟ್ಟಿತೆನ್ನುತ್ತಾರೆ. ಆದಕಾರಣ ವೃದ್ಧನು ಆ ಸೀಮೆಯವನೆಂಬ ಮಾತ್ರದಿಂದ ಅವನ ಮಾತು ನಿಜವಾಗುವುದಿಲ್ಲ; ಪೀಪಾಯಿಯು ಒಪ್ಪಿದರೆ ಮಾತ್ರ ನಿಜವಾಗುತ್ತದೆ.

ಡೇವಿಡ್ ಹ್ಯೂಮ್ ಎಂಬ ಸ್ಕಾಟ್ಲೆಂಡಿನ ತತ್ತ್ವಜ್ಞನು 1757ರಲ್ಲಿ ಪ್ರಕಟಿಸಿದ ರುಚಿಯ ಪ್ರಮಾಣವನ್ನು ಕುರಿತ ಪ್ರಬಂಧದಲ್ಲಿ, ಡಾನ್ ಕ್ವಿಕ್ಸೋಟನ ಗ್ರಂಥದಿಂದ ಒಂದು ಕಥೆಯನ್ನು ಎತ್ತಿಕೊಂಡಿದ್ದಾನೆ. ಇಬ್ಬರು ಬಂಧುಗಳಿಗೆ ಒಂದು ಪೀಪಾಯಿಯ ಮದ್ಯವನ್ನು ಪರೀಕ್ಷಿಸಲು ಕೊಟ್ಟರು. ಒಬ್ಬನು ಚರ್ಮದ ಸೋಂಕಿದೆಯೆಂದನು. ಇನ್ನೊಬ್ಬನು ಕಬ್ಬಿಣದ ಸೋಂಕಿದೆಯೆಂದನು. ಇಬ್ಬರನ್ನೂ ಜನರು ಹಾಸ್ಯಮಾಡಿದರು. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಹಳೆಯ ಬೀಗದಕೈ ಸಿಕ್ಕಿತು. ನಾಲಗೆಗಳು ಭಿನ್ನವಾಗಿದ್ದುವು, ಮಾತುಗಳೂ ಭಿನ್ನವಾಗಿದ್ದುವು. ಆದರೂ ಇಬ್ಬರೂ ಇದ್ದುದನ್ನೇ ಹೇಳಿದ್ದರು. ನಕ್ಕವರು ಮಾತ್ರ ತಪ್ಪಿದ್ದರು.

ನಮ್ಮ ಶಾಸ್ತ್ರಕಾರರಿಗೂ ಈ ವಿಷಯ ಹೊಸತಲ್ಲ. ಭರತಮುನಿಯು ನಾಟ್ಯಶಾಸ್ತ್ರದ 6ನೆಯ ಅಧ್ಯಾಯದಲ್ಲಿ ರಸವನ್ನು ವಿವರಿಸುವಾಗ ಊಟವನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿದ್ದಾನೆ. ನಾನಾ ವ್ಯಂಜನಗಳಿಂದ ಸಂಸ್ಕೃತವಾದ ಅನ್ನವನ್ನು ಆಸ್ವಾದಿಸುವವರನ್ನು ಸುಮನಸ್ಸುಳ್ಳವರೆಂದು ಕರೆದಿದ್ದಾನೆ. ನಾಲಗೆ ಎಲ್ಲರಿಗೂ ಉಂಟು. ಆಸ್ವಾದಕ್ಕೆ ಮನಸ್ಸೂ ಒಳ್ಳೆಯದಾಗಿರಬೇಕು. ವೈದ್ಯಶಾಸ್ತ್ರವು ರಸವನ್ನೂ ವಿಪಾಕವನ್ನೂ ಬೇರ್ಪಡಿಸುತ್ತದೆ. ರಸವು ನಾಲಗೆಗೆ ತಾಗಿದೊಡನೆ ತಿಳಿಯುವುದು. ವಿಪಾಕವು ಜೀರ್ಣವಾದ ತರುವಾಯ ಫಲದಿಂದ ತಿಳಿಯುವುದು. ತಾಗಿದೊಡನೆ ತಿಳಿದುದನ್ನೇ ಪೂರ್ತಿ ತಿಳಿದುದೆಂದು ಭ್ರಮಿಸಬಾರದೆಂಬುದು ಇದರಿಂದ ಗ್ರಾಹ್ಯ.

ಒಂದು ಲೋಟದ ವಿಷಯದಲ್ಲಿ ಇಷ್ಟು ವಿಚಾರವೇಕೆಂದು ಯಾರಾದರೂ ಕೇಳಬಹುದು. ಆತುರದ ತೀರ್ಪಿನ ಫಲವು ಲೋಟದಲ್ಲಿ ನಿಲ್ಲುವುದಿಲ್ಲವಾದುದರಿಂದ ಈ ವಿಚಾರ ಅವಶ್ಯವಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಹಣ್ಣಿನ ಹೆಸರಿಗೆ ಸಿಹಿಯನ್ನೇ ನಿರೀಕ್ಷಿಸುವವರು ಹೆಚ್ಚಿದಾಗ, ರಸವನ್ನೋ ಪಾಕವನ್ನೋ ಸಕ್ಕರೆಯನ್ನೋ ಬೆರೆಸಿ, ಆ ಸಿಹಿಯನ್ನು ಯೀಸ್ಟು ತಿನ್ನದಂತೆ ಶೋಧಿಸಿ ಕಾಯಿಸಿ, ಅದೇ ಕ್ರೀಕ್ ಎಂಬ ಹೆಸರಿನಿಂದ ಮಾರುವುದು ಬಳಕೆಗೆ ಬಂತು. ಹಳೆಯ ಮನೆಗಳು ಒಂದೊಂದಾಗಿ ಬಾಗಿಲು ಮುಚ್ಚಿ, ಕೆಲವೇ ಉಳಿದುವು. ಆ ಮುಚ್ಚುಗಡೆಗೆ ಬೇರೆ ಕಾರಣಗಳೂ ಇದ್ದುವೆಂಬುದು ದಿಟ. ಆದರೆ ಹಣ್ಣಿನ ಸಕ್ಕರೆಯೆಲ್ಲವೂ ಕಳೆದ ಮೇಲೆ ಉಳಿಯುವ ಹಣ್ಣಿನ ಸಾರವನ್ನು ಹಳಸಲೆಂದು ತಳ್ಳಿ, ಮೇಲಿನಿಂದ ಹೊಯ್ದ ಸಿಹಿಯನ್ನು ಹಣ್ಣೆಂದು ಒಪ್ಪಿಕೊಂಡವರ ತೀರ್ಪೂ ಅವುಗಳಲ್ಲೊಂದು. ಕಡೆಗೆ 1997ರಲ್ಲಿ ಯುರೋಪಿಯನ್ ಒಕ್ಕೂಟವು ‘ಹಳೆಯ ಕ್ರೀಕ್’ ಎಂಬರ್ಥದ ಹೆಸರಿಗೆ ಸಾಂಪ್ರದಾಯಿಕ ಪದಾರ್ಥಗಳಿಗೆ ಸಲ್ಲುವ ರಕ್ಷಣೆಯನ್ನು ಕೊಟ್ಟಿತು. ನಾಲಗೆಗಳು ಕೊಡದ ನ್ಯಾಯವನ್ನು ಶಾಸನವು ಸ್ವಲ್ಪಮಟ್ಟಿಗೆ ಕೊಡಬೇಕಾಯಿತು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗುರುವಾದದ್ದು. ಮದ್ಯವು ವರ್ಜ್ಯವೆಂದು ನಂಬಿದವನು ಅದರ ಗುಣವನ್ನು ವಿಚಾರಿಸುವುದೇ ತಪ್ಪಲ್ಲವೇ? ಅದರ ಕೇಡು ಕಲ್ಪಿತವಲ್ಲ. ಆರೋಗ್ಯಕ್ಕೆ ಬಾಧಕವಿಲ್ಲದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಮದ್ಯದಿಂದ ಹಾಳಾದ ಸಂಸಾರವನ್ನು ಕಾಣದ ಊರಿಲ್ಲ. ಆದರೂ ತ್ಯಾಗಕ್ಕೆ ನಿಂದೆಯ ನೆರವು ಬೇಕಾಗಿಲ್ಲ. ಕೈಗೆಟುಕದ ದ್ರಾಕ್ಷಿ ಹುಳಿಯೆಂದ ನರಿಯು ಏನನ್ನೂ ತ್ಯಜಿಸಲಿಲ್ಲ. ಸುಳ್ಳನ್ನು ಮಾತ್ರ ಗಳಿಸಿಕೊಂಡಿತು. ಕೌಟಿಲ್ಯನು ಸುರಾಧ್ಯಕ್ಷಪ್ರಕರಣದಲ್ಲಿ ಮಾವಿನ ಹಣ್ಣಿನ ಸಹಕಾರಸುರೆಯನ್ನೂ, ಹುದುಗಿಗೆ ಬೇಕಾದ ಕಿಣ್ವವನ್ನೂ ಹೆಸರಿಸಿ ವಿವರಿಸಿದ್ದಾನೆ; ಅದೇ ಪ್ರಕರಣದಲ್ಲಿ ಮಾರಾಟಕ್ಕೂ ಪಾನಕ್ಕೂ ಕಟ್ಟುಗಳನ್ನು ವಿಧಿಸಿದ್ದಾನೆ. ವಸ್ತುವನ್ನು ಇದ್ದಂತೆ ಬಲ್ಲವನೇ ಅದಕ್ಕೆ ಎಲ್ಲೆಯನ್ನು ಹಾಕಬಲ್ಲನು. “ಇದು ಗುಣವುಳ್ಳದ್ದು, ಆದರೂ ನನಗೆ ಬೇಡ” ಎನ್ನುವವನ ನಿರಾಕರಣೆಯಲ್ಲಿ ಬಲವಿದೆ. ಅದು ವಸ್ತುವಿನ ದೋಷವನ್ನು ಊರುಗೋಲಾಗಿ ಹಿಡಿದುಕೊಂಡಿಲ್ಲ.

ಪರೀಕ್ಷಕನಿಗೂ ಈ ನಿಯಮ ಬಿಟ್ಟುದಲ್ಲ. ಅವನು ಪರೀಕ್ಷಿಸುತ್ತಿರುವ ವಸ್ತುವೇ ಅವನ ಪರೀಕ್ಷಾಶಕ್ತಿಯನ್ನು ಕುಂದಿಸತಕ್ಕದ್ದು. ಮೊದಲ ಗುಟುಕಿನಲ್ಲಿ ಬಾದಾಮಿಯ ವಾಸನೆಯನ್ನು ಗುರುತಿಸಿದ ನಾಲಗೆಯು ಲೋಟದ ಮೇಲೆ ಲೋಟ ಬರಿದಾದಂತೆ ಎಲ್ಲವನ್ನೂ ಹೊಗಳತೊಡಗುತ್ತದೆ. ಹೆಚ್ಚು ಸುಖವನ್ನು ಬಯಸಿದವನಿಗೆ ನ್ಯಾಯ ಹೇಳುವ ಅಧಿಕಾರ ತಪ್ಪುತ್ತದೆ. ಆದಕಾರಣ ಆಸ್ವಾದವು ಭೋಗದ ಇನ್ನೊಂದು ಹೆಸರೆಂದು ತಿಳಿಯುವುದು ಸರಿಯಲ್ಲ. ಸಂಯಮವಿಲ್ಲದ ಕಡೆ ಆಸ್ವಾದವೇ ಇಲ್ಲ.

ಈ ನ್ಯಾಯವು ಪಾನೀಯಗಳಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಪಾಠಶಾಲೆಯ ಪರೀಕ್ಷಕನಿಗೆ ಹುಡುಗನೊಬ್ಬನ ಅಕ್ಷರ ಹಿಡಿಸದಿರಬಹುದು, ಅವನ ವಾದದ ಮಾರ್ಗವೂ ಹಿಡಿಸದಿರಬಹುದು. ಉತ್ತರ ಸರಿಯಾಗಿದ್ದರೆ ಅಂಕವನ್ನು ಕೊಡಲೇಬೇಕು. ಮನೆಗೆ ಬಂದ ಸೊಸೆಯ ಕೈಯಡಿಗೆಯನ್ನು ತವರಿನ ರೂಢಿಯದೆಂಬ ಕಾರಣದಿಂದ “ಕೆಟ್ಟಿದೆ” ಎಂದ ಅತ್ತೆಯ ಮಾತು ಎಷ್ಟು ದಿನ ಆ ಮನೆಯಲ್ಲಿ ಉಳಿಯುತ್ತದೆಂಬುದನ್ನು ಸಂಸಾರಿಗಳು ಬಲ್ಲರು. ತನಗೆ ಸೇರದುದನ್ನು ಸೇರಿತೆಂದು ನಟಿಸಬೇಕೆಂದು ಧರ್ಮವು ಯಾರಿಗೂ ವಿಧಿಸಿಲ್ಲ. ತನ್ನ ಇಷ್ಟಾನಿಷ್ಟವನ್ನು ತನ್ನದೆಂದು ಹೇಳಿ, ವಸ್ತುವಿಗೆ ಸಲ್ಲತಕ್ಕ ಮಾತನ್ನು ವಸ್ತುವಿಗೆ ಸಲ್ಲಿಸಿದರೆ ಸಾಕು.

ಆ ಪ್ರವಾಸಿಯು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಹಣ್ಣೆಂದರೆ ಸಿಹಿಯೆಂಬ ನಿರೀಕ್ಷೆಯನ್ನು ಬದಿಗಿಟ್ಟು ಎರಡನೆಯ ಗುಟುಕನ್ನು ತೆಗೆದುಕೊಳ್ಳಲಿ. ಈಗಲೂ ಹುಳಿ ಹುಳಿಯೇ. ಆದರೆ ಹುಳಿಯ ಹಿಂದೆ ಹಣ್ಣಿನ ಪರಿಮಳವೂ, ಅದರ ಹಿಂದೆ ಓಟೆಯ ವಾಸನೆಯೂ ಇರುವುದು ಅವನಿಗೆ ತಿಳಿದೀತು. ಆಗಲೂ ಅವನು ಲೋಟವನ್ನು ಕೆಳಗಿಟ್ಟು “ಇದು ನನಗೆ ಸೇರದು; ಆದರೆ ಇದು ಕೆಟ್ಟಿಲ್ಲ” ಎಂದರೆ ಅವನಿಂದ ಯಾರಿಗೂ ಅನ್ಯಾಯವಾಗಲಿಲ್ಲ. ಪಕ್ಕದ ಮೇಜಿನ ವೃದ್ಧನೂ ಆ ಮಾತಿಗೆ ತಲೆದೂಗುವನು.