ಗೋಡೆ ಹತ್ತಿದ ಕ್ಯಾಮೆರಾ

'ಸಲಿಂಗಿಗಳ ಬಾರ್' ಎಂದೊಡನೆ ಟಿವಿಯಲ್ಲಿ ಕಾಣುವುದು ಒಂದೇ ಚಿತ್ರ: ಕೆಂಪು ದೀಪ, ಮಸುಕು ಮಾಡಿದ ಮುಖಗಳು, ಹಿಂದೆ ದೆವ್ವದ ಸಿನಿಮಾದ ಸಂಗೀತ. ರಾಮಮೂರ್ತಿ ನಗರದ ಟೀ ಅಂಗಡಿಯಲ್ಲಿ ಅಂಥದ್ದೊಂದನ್ನು ನೋಡುತ್ತಿದ್ದ ಹಿರಿಯರೊಬ್ಬರು, 'ನಮ್ಮ ರಿಂಗ್ ರೋಡಲ್ಲೂ ಇದೆಯೇನ್ರೀ ಸಾಹೇಬ್ರೆ?' ಎಂದರು. ರಿಂಗ್ ರೋಡಿನಲ್ಲಿರುವುದು ಎಲ್ಲರೂ ಕುಡಿಯುವ ಬಾರುಗಳು. ಲಂಡನ್, ನ್ಯೂಯಾರ್ಕಿನಂತೆ ಬೋರ್ಡು ಹಾಕಿಕೊಂಡು ಸಲಿಂಗಿಗಳಿಗೆಂದೇ ಬಾರ್ ನಡೆಸುವ ರೂಢಿ ಬೆಂಗಳೂರಿನಲ್ಲಿ ಬೆಳೆಯಲಿಲ್ಲ. ಯಾವುದೋ ಪಬ್ಬನ್ನು ಒಂದು ರಾತ್ರಿಗೆ ಗೊತ್ತುಮಾಡಿ ಪಾರ್ಟಿ ನಡೆಸುತ್ತಾರೆ, ಅಷ್ಟೇ. 1994ರಲ್ಲಿ ಇಲ್ಲಿ ಶುರುವಾದ 'ಗುಡ್ ಆಸ್ ಯು' ಗುಂಪಿನವರಂತೂ ವಾರಕ್ಕೊಮ್ಮೆ ಸೇರಿ ಮಾತಾಡುತ್ತಿದ್ದರು. ಅದರಲ್ಲಿ ಕ್ಯಾಮೆರಾಕ್ಕೆ ಬೇಕಾದ್ದು ಏನಿದೆ? ಉದ್ಯಾನಗಳಲ್ಲಿ ಇಂಥವರನ್ನು ಪೊಲೀಸರು ಬೆದರಿಸಿ ಹಣ ಕೀಳುವುದನ್ನು ಪಿಯುಸಿಎಲ್ ಕರ್ನಾಟಕ ಘಟಕ 2001ರಲ್ಲೇ ವರದಿ ಮಾಡಿತ್ತು. ಅದಕ್ಕೆ ಹಿನ್ನೆಲೆ ಸಂಗೀತ ಹಾಕಿದವರು ಕಡಿಮೆ.

2011ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ತೆಲುಗಿನ ಟಿವಿ9, ಅಂತರ್ಜಾಲದಲ್ಲಿ ಸಿಕ್ಕ ಯುವಕರಿಗೆ ಫೋನ್ ಮಾಡಿ, ಅವರ ಮಾತನ್ನೂ ಮುಖವನ್ನೂ ಊರಿಗೆಲ್ಲ ತೋರಿಸಿತು. ಮರು ತಿಂಗಳು ಸುದ್ದಿವಾಹಿನಿಗಳದೇ ಪ್ರಾಧಿಕಾರ 1 ಲಕ್ಷ ರೂಪಾಯಿ ದಂಡ ಹಾಕಿ, ಕ್ಷಮೆ ಕೇಳಲು ಹೇಳಿತು. ಆ ಹುಡುಗರ ಮನೆಗಳಲ್ಲಿ ಆ ರಾತ್ರಿ ಏನಾಗಿರಬಹುದು ಎಂಬುದು ಯಾವ ದಂಡದ ಲೆಕ್ಕಕ್ಕೂ ಸಿಗುವುದಿಲ್ಲ.

ಮದ್ಯವೂ ಹರಾಮ್, ಈ ಸಂಬಂಧವೂ ಹರಾಮ್, ಇನ್ನು ಚರ್ಚೆ ಏಕೆ ಎಂದು ನಮ್ಮವರು ಕೇಳಬಹುದು. ಧರ್ಮದ ತೀರ್ಪನ್ನು ತಿದ್ದಲು ನಾನು ಹೊರಟಿಲ್ಲ. ಆದರೆ ಇಣುಕಿ ನೋಡುವುದೂ ಹರಾಮ್. ಸೂರಃ ಹುಜುರಾತ್‌ನ 12ನೆಯ ವಚನ ಬೇಹುಗಾರಿಕೆಯನ್ನೂ ಪರನಿಂದೆಯನ್ನೂ ಒಟ್ಟಿಗೇ ನಿಷೇಧಿಸಿದೆ. ಇಮಾಮ್ ಗಝಾಲಿ ಹೇಳುವ ಪ್ರಸಂಗವೊಂದಿದೆ. ಖಲೀಫ ಉಮರ್ (ರ) ರಾತ್ರಿ ಗಸ್ತಿನಲ್ಲಿ ಒಂದು ಮನೆಯ ಗೋಡೆ ಹತ್ತಿ, ಪಾಪದಲ್ಲಿ ತೊಡಗಿದ್ದವನನ್ನು ಹಿಡಿದರಂತೆ. ಆತ ಹೆದರಲಿಲ್ಲ. ನನ್ನದು ಒಂದು ತಪ್ಪು, ನಿಮ್ಮದು ಮೂರು ಎಂದ: ಬೇಹು ನಡೆಸಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಸಲಾಮ್ ಹೇಳಿ ಅಪ್ಪಣೆ ಕೇಳಲಿಲ್ಲ. ಖಲೀಫರು ಅವನನ್ನು ಬಿಟ್ಟು ಹಿಂದಿರುಗಿದರು.

ಸಾರ್ವಜನಿಕ ಹಿತಕ್ಕಾಗಿ ತೋರಿಸುತ್ತೇವೆ ಎನ್ನುತ್ತಾರೆ ಚಾನೆಲ್‌ನವರು. ಮಂತ್ರಿ ಲಂಚ ಪಡೆದರೆ ತೋರಿಸಲಿ. ಗುಮಾಸ್ತನೊಬ್ಬ ಶನಿವಾರ ರಾತ್ರಿ ಯಾರ ಜೊತೆ ಕುಣಿದ ಎಂಬುದರಲ್ಲಿ ಯಾವ ಹಿತವಿದೆ? ಮದರಸಾದ ಮಕ್ಕಳು ಸಾಲಾಗಿ ಕೂತು ಓದುವುದನ್ನು ತೋರಿಸುವಾಗಲೂ ಇದೇ ಸಂಗೀತ ಹಾಕುತ್ತಾರೆ. ಆಗ ನಮಗೆ ಎಷ್ಟು ನೋಯುತ್ತದೆ! ಬಾರಿನ ದೃಶ್ಯ ಬಂದಾಗ ಮಾತ್ರ ವಾಲ್ಯೂಮ್ ಜಾಸ್ತಿ ಮಾಡುತ್ತೇವೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟಿತು. ನಮ್ಮ ಬಡಾವಣೆಯ ಪಿ.ಜಿ.ಗಳಲ್ಲಿರುವ ಹುಡುಗರಿಗೆ ಈಗ ಆ ಕಾನೂನಿನ ಭಯವಿಲ್ಲ. ಆದರೆ ಪಿ.ಜಿ. ಮಾಲೀಕರು ತೀರ್ಪನ್ನು ಓದುವವರಲ್ಲ, ಟಿವಿ ನೋಡುವವರು.