ಕಡಲಾಚೆಯ ಮನೆಯೂ ಶರಣರ ಮನೆಯೇ



ಗೃಹಸ್ಥಜೀವನವೇ ಸಾಧನೆಯ ನೆಲೆಯೆಂಬುದು ಶರಣಧರ್ಮದ ಹೆಗ್ಗುರುತು. ಮನೆಮಾರು ತೊರೆದು ಅಡವಿ ಸೇರಿ ಪಡೆಯಬೇಕೆಂದು ಜಗವು ಭಾವಿಸಿದ್ದ ಪದವಿಯನ್ನು ಒಲೆಯ ಮುಂದೆ, ತೊಟ್ಟಿಲ ಬಳಿ, ದುಡಿಮೆಯ ನಡುವೆ ಪಡೆಯಬಹುದೆಂದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ನಡೆದು ತೋರಿಸಿದರು. ಈ ಮಾತನ್ನು ನಾವು ಪ್ರತಿ ಶ್ರಾವಣದಲ್ಲಿಯೂ ಹೇಳುತ್ತೇವೆ, ನೀವೂ ಭಕ್ತಿಯಿಂದ ಕೇಳುತ್ತೀರಿ. ಆದರೆ ಒಲೆಯ ಮುಂದೆ ನಿಲ್ಲುವುದಕ್ಕೂ ಪುರುಸೊತ್ತಿಲ್ಲದ ತಾಯಿಯೊಬ್ಬಳು ಎದುರಿಗೆ ಬಂದು ಕುಳಿತಾಗಲೇ ಆ ಮಾತಿನ ತೂಕ ತಿಳಿಯುವುದು. ಕಳೆದ ಶ್ರಾವಣದಲ್ಲಿ ಅಂಥದೊಂದು ಪ್ರಸಂಗ ನನಗೆ ಒದಗಿತು. ಅದನ್ನೇ ಇಂದಿನ ಚಿಂತನೆಗೆ ಎತ್ತಿಕೊಂಡಿದ್ದೇನೆ.

ಆಕೆ ನಮ್ಮ ಮಠದ ಶಾಲೆಯಲ್ಲಿಯೇ ಕಲಿತವಳು. ನನ್ನ ಮೊದಲ ವರ್ಷಗಳ ಶಿಷ್ಯೆ. ಈಗ ಲಂಡನ್ ನಗರದಲ್ಲಿ ಪತಿ ಮತ್ತು ಇಬ್ಬರು ಮಕ್ಕಳೊಡನೆ ನೆಲೆಸಿ, ಅಲ್ಲಿಯ ಸರಕಾರಿ ದವಾಖಾನೆಯೊಂದರಲ್ಲಿ ನರ್ಸ್ ಆಗಿ ದುಡಿಯುತ್ತಿದ್ದಾಳೆ. ಚಿಕಿತ್ಸೆಯ ಹೊತ್ತಿಗೆ ರೋಗಿಯ ಮುಂದೆ ಹಣಕ್ಕಾಗಿ ಕೈಚಾಚದ ರಾಷ್ಟ್ರೀಯ ಆರೋಗ್ಯ ಸೇವೆಯೆಂಬ ವ್ಯವಸ್ಥೆ 1948 ರಿಂದ ಆ ದೇಶದಲ್ಲಿ ನಡೆದುಬಂದಿದೆ. ಅಲ್ಲಿಯ ಶಾಲೆಗಳಿಗೆ ಜುಲೈ ಕೊನೆಯಿಂದ ಸುಮಾರು ಆರು ವಾರ ಬಿಡುವು. ಆದಕಾರಣ ಆಕೆ ಶ್ರಾವಣದಲ್ಲಿ ತವರಿಗೆ ಬಂದವಳು ಮಠಕ್ಕೂ ಬಂದಳು. ಗದ್ದುಗೆಗೆ ನಮಸ್ಕರಿಸಿ ನನ್ನ ಬಳಿ ಕುಳಿತವಳ ಕಣ್ಣು ತುಂಬಿತ್ತು.

“ಗುರುಗಳೇ, ನಾನು ಕೆಟ್ಟ ತಾಯಿಯೇ?” ಎಂದಳು.

ನಾನು ಆಕೆಯ ದಿನಚರಿಯನ್ನು ಕೇಳಿದೆನು. ಪಾಳಿಯಿರುವ ದಿನ ಬೆಳಿಗ್ಗೆ ಐದಕ್ಕೆ ಏಳುವುದು. ಮಗನಿಗೆ ಹದಿನೇಳು ವರ್ಷ, ಮಗಳಿಗೆ ಹದಿನೈದು. ಇಬ್ಬರ ಬುತ್ತಿ ಕಟ್ಟಿ, ರಾತ್ರಿಯ ಅಡಿಗೆಯನ್ನೂ ಮಾಡಿಟ್ಟು, ರೈಲು ಹಿಡಿದು ಏಳೂವರೆಗೆ ದವಾಖಾನೆ ಸೇರುವುದು. ಹನ್ನೆರಡು ಗಂಟೆಗೂ ಮಿಕ್ಕ ಪಾಳಿ ಮುಗಿಸಿ ಮನೆಗೆ ಬರುವಾಗ ರಾತ್ರಿ ಒಂಬತ್ತು. ಡಿಸೆಂಬರದಲ್ಲಿ ಆ ಊರಲ್ಲಿ ಸೂರ್ಯನು ಎಂಟರ ಸುಮಾರಿಗೆ ಮೂಡಿ ನಾಲ್ಕರೊಳಗೆ ಮುಳುಗುತ್ತಾನೆ; ಹೀಗಾಗಿ ಕತ್ತಲೆಯಲ್ಲಿ ಹೊರಟು ಕತ್ತಲೆಯಲ್ಲಿ ಮರಳುವುದು. ಹೆತ್ತ ತಾಯಿಯ ದನಿ ಕೇಳೋಣವೆಂದರೆ ಆಗ ನಮ್ಮ ಊರಲ್ಲಿ ನಡುರಾತ್ರಿ ಕಳೆದು ಎರಡೂವರೆ. ಮಕ್ಕಳು ತಮ್ಮ ತಮ್ಮ ಕೋಣೆಯಲ್ಲಿ ಬಾಗಿಲು ಮುಚ್ಚಿ ಕುಳಿತಿರುತ್ತಾರೆ. ಹದಿನಾರರ ಆಚೀಚೆ ಬರೆಯಬೇಕಾದ ದೊಡ್ಡ ಪರೀಕ್ಷೆ ಮಗಳ ತಲೆಯ ಮೇಲೆ. ವಿಶ್ವವಿದ್ಯಾಲಯದ ಪ್ರವೇಶದ ಚಿಂತೆ ಮಗನ ತಲೆಯ ಮೇಲೆ. ಊಟವಾಯಿತೇ, ಬರೆದಾಯಿತೇ ಎಂಬ ಎರಡು ಪ್ರಶ್ನೆ. ಆಯಿತು ಎಂಬ ಒಂದೇ ಉತ್ತರ. ಅಲ್ಲಿಗೆ ದಿನವು ಮುಗಿಯಿತು.

ಹೀಗಿರಲು, ಒಂದು ದಿನ ದೇವರ ಜಗಲಿಯ ಮೇಲೆ ಮಗಳ ಕರಡಿಗೆ ಕಂಡಿತು. ಶಾಲೆಯಲ್ಲಿ ಆಟದ ತರಗತಿಗೆ ಕೊರಳಿನದನ್ನು ತೆಗೆದಿಟ್ಟು ಹೋಗಬೇಕಾಗಿತ್ತು. ತೆಗೆದದ್ದನ್ನು ಹುಡುಗಿ ಮತ್ತೆ ಧರಿಸಿರಲಿಲ್ಲ. ಮೂರು ವಾರವಾಗಿತ್ತಂತೆ, ತಾಯಿಗೆ ಗೊತ್ತೇ ಆಗಿರಲಿಲ್ಲ. ಪಾಳಿ ಮುಗಿಸಿ ದಣಿದು ಬಂದಿದ್ದ ತಾಯಿ ಸಿಟ್ಟಿನ ಭರದಲ್ಲಿ ವಂಶಕ್ಕೆ ಕಳಂಕವೆಂದು ಕೂಗಿದಳು. ಹುಡುಗಿ ಅಳಲಿಲ್ಲ, ಎದುರಾಡಲಿಲ್ಲ. ಒಂದೇ ಮಾತು ಕೇಳಿದಳು: “ಅವ್ವಾ, ನೀನು ಕೊನೆಯ ಸಲ ಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತದ್ದು ಯಾವಾಗ?”

“ನನಗೆ ನೆನಪಾಗಲಿಲ್ಲ, ಗುರುಗಳೇ” ಎಂದಳು ಆಕೆ. “ಲಿಂಗವಿಲ್ಲದ ಹುಡುಗಿಗೆ ಅಡಿಗೆಮನೆ ಬೇಡವೆಂದು ಅತ್ತೆಯವರು ಫೋನಿನಲ್ಲಿ ಹೇಳುತ್ತಾರೆ. ಬಲವಂತ ಮಾಡಿದರೆ ಮಗಳು ದೂರವಾಗುತ್ತಾಳೆ; ಬಿಟ್ಟರೆ ಧರ್ಮ ದೂರವಾಗುತ್ತದೆ. ನಾನೇನು ಮಾಡಲಿ?”

ಸದ್ಭಕ್ತರೇ, ಶಾಸ್ತ್ರದ ಉತ್ತರವು ನನ್ನ ನಾಲಗೆಯ ತುದಿಯಲ್ಲಿತ್ತು. ಅಂಗದಿಂದ ಲಿಂಗವು ಅಗಲಬಾರದೆಂಬುದು ಲಿಂಗಾಚಾರದ ಮೂಲಸೂತ್ರ. ಅದನ್ನು ಸಡಿಲಿಸುವ ಅಧಿಕಾರ ನನಗಿಲ್ಲ. ಆದರೂ ಆ ಸೂತ್ರವನ್ನು ಹೇಳಿ ಕಳುಹಿಸಲು ಬಾಯಿ ಬರಲಿಲ್ಲ. ಅದಕ್ಕೆ ಕಾರಣವನ್ನು ಮುಚ್ಚಿಡುವುದಿಲ್ಲ. ನಾನು ಮಠದ ಶಾಲೆಗೆ ಸೇರಿದ ಹೊಸತರಲ್ಲಿ ಬೆಳಗಿನ ಪೂಜೆಗೆ ತಡವಾಗಿ ಬಂದ ಹುಡುಗರಿಗೆ ಬೆತ್ತದ ರುಚಿ ತೋರಿಸುತ್ತಿದ್ದೆನು. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದರು, ಎಲ್ಲರೂ ಮಂತ್ರ ಹೇಳಿದರು. ಅವರಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಹೇಳುತ್ತಿದ್ದವನೊಬ್ಬ ಇಂದು ದೊಡ್ಡ ವ್ಯಾಪಾರಿ. ಅವನ ಕೊರಳಲ್ಲಿ ಲಿಂಗವಿದೆ, ಹಣೆಯಲ್ಲಿ ವಿಭೂತಿಯಿದೆ. ಹಮಾಲರ ಕೂಲಿಯನ್ನು ಮಾತ್ರ ಅವನು ಎರಡು ತಿಂಗಳು ತಡೆದು ಕೊಡುತ್ತಾನೆ. ನಾನು ಅವನಿಗೆ ದಾರ ಕಟ್ಟಿದೆ, ದಾರಿ ತೋರಲಿಲ್ಲ. ಭಯದಿಂದ ಕಟ್ಟಿದ ಶಿವದಾರವು ಕೊರಳಿನವರೆಗೆ ಮಾತ್ರ ಇಳಿಯುತ್ತದೆ, ಎದೆಯವರೆಗೆ ಇಳಿಯುವುದಿಲ್ಲವೆಂಬುದನ್ನು ಅರಿಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಆದಕಾರಣ ನಾನು ಆಕೆಗೆ ಹೇಳಿದ್ದು ಬೇರೆ. ಮೊದಲನೆಯದಾಗಿ, “ತಂಗೀ, ದೂರದೇಶದಲ್ಲಿ ಇದ್ದೇನೆಂಬ ಅಳುಕನ್ನು ಬಿಡು” ಎಂದೆ. ಗುಡಿಗೇ ಹೋಗಿ ಕಾಣಬೇಕಾದ ದೇವರಾಗಿದ್ದರೆ ಕಡಲು ದಾಟಿದವರಿಗೆ ತೊಡಕಾಗುತ್ತಿತ್ತು. ನಮ್ಮ ಶರಣರು ಕರುಣಿಸಿದ್ದು ಅಂಗೈಯ ಅಗಲದ ದೇವರನ್ನು. ನಡೆಯುವವನೊಡನೆ ನಡೆಯುವ, ರೈಲಿನಲ್ಲಿ ಕುಳಿತವಳೊಡನೆ ಕುಳಿತುಕೊಳ್ಳುವ ದೇವರನ್ನು. ಕಲ್ಯಾಣದ ಶರಣರೂ ಒಂದೇ ಊರಿನವರಾಗಿರಲಿಲ್ಲ. ಆದಯ್ಯನು ಸೌರಾಷ್ಟ್ರದಿಂದ ಪುಲಿಗೆರೆಗೆ ವ್ಯಾಪಾರಕ್ಕೆ ಬಂದವನೆಂದೂ, ಮೋಳಿಗೆಯ ಮಾರಯ್ಯನೂ ಅವನ ಸತಿ ಮಹಾದೇವಿಯೂ ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದವರೆಂದೂ ಪರಂಪರೆಯು ನುಡಿಯುತ್ತದೆ. ಪರವೂರಿನಲ್ಲಿ ದುಡಿದು ಬದುಕುವ ಸಂಸಾರವು ಶರಣಧರ್ಮಕ್ಕೆ ಹೊಸದಲ್ಲ.

ಎರಡನೆಯದು ಕಾಯಕದ ಮಾತು. ಆಕೆಯ ಬರಿಗೈಗಳನ್ನು ನೋಡಿ ಮನೆಯ ಹಿರಿಯರು ಮುಖ ಸಿಂಡರಿಸಿದ್ದರಂತೆ. ಆ ದವಾಖಾನೆಗಳಲ್ಲಿ ರೋಗಿಯನ್ನು ಮುಟ್ಟುವವರ ಮೊಣಕೈಯ ಕೆಳಗೆ ಬಳೆ, ಗಡಿಯಾರ, ತೋಳಿನ ಬಟ್ಟೆ ಯಾವುದೂ ಇರಕೂಡದು. ಒಬ್ಬನ ರೋಗವು ಇನ್ನೊಬ್ಬನಿಗೆ ದಾಟದಂತೆ ಪ್ರತಿ ಸಲವೂ ಕೈ ತೊಳೆಯತಕ್ಕದ್ದು. ನಾನೆಂದೆ: ಪರರ ಪ್ರಾಣಕ್ಕೆ ಅಪಾಯವಾಗದಿರಲೆಂದು ತೆಗೆದಿಟ್ಟ ಬಳೆಗಿಂತ ಹೆಚ್ಚಿನ ಒಡವೆ ಯಾವುದಿದೆ? ಮುದುಕರ ಮಲಮೂತ್ರ ಬಳಿದು, ಯಾರೂ ಇಲ್ಲದವನ ಕೊನೆಯ ಉಸಿರಿನ ಹೊತ್ತಿಗೆ ಕೈಹಿಡಿದು ಕುಳಿತುಕೊಳ್ಳುವ ದುಡಿಮೆ ಕಾಯಕವಲ್ಲವಾದರೆ, ಕಾಯಕವೆಂಬ ಶಬ್ದಕ್ಕೆ ಅರ್ಥವೇ ಇಲ್ಲ. ಆ ಹೊತ್ತು ನೀನು ಲಿಂಗಪೂಜೆಯಿಂದ ದೂರವಿಲ್ಲ.

ಆಕೆಯ ಮುಖವು ತುಸು ತಿಳಿಯಾಯಿತು. ಆದರೆ ಕಾಯಕವನ್ನು ಹೊಗಳಿದವನು ಅದರ ಮೇರೆಯನ್ನೂ ಹೇಳಬೇಕು. ಅಲ್ಲಿ ಪೂರ್ಣ ನೌಕರಿಯೆಂದರೆ ವಾರಕ್ಕೆ ಮೂವತ್ತೇಳೂವರೆ ಗಂಟೆ; ಅಂಥ ಉದ್ದ ಪಾಳಿಗಳು ಸುಮಾರು ಮೂರು. ಆಕೆ ವಾರಕ್ಕೆ ಐದು ಪಾಳಿ ಮಾಡುತ್ತಿದ್ದಳು.

“ಹೆಚ್ಚಿನ ಪಾಳಿ ಏತಕ್ಕೆ, ತಂಗೀ?”

“ಮೊದಲು ಸಾಲಕ್ಕಾಗಿ, ಗುರುಗಳೇ. ಸಾಲ ಒಂದು ಹದಕ್ಕೆ ಬಂದ ಮೇಲೆ ದೊಡ್ಡ ಮನೆಗಾಗಿ. ಮಕ್ಕಳಿಗೆ ಒಂದೊಂದು ಕೋಣೆ ಇರಲೆಂದು.”

“ಕೋಣೆಗಳಾದವೇ?”

“ಆದವು.” ಸ್ವಲ್ಪ ತಡೆದು ಮೆಲ್ಲಗೆ ಅಂದಳು: “ಈಗ ಅವರು ಅದರೊಳಗೇ ಇರುತ್ತಾರೆ.”

ಆಗ ನಾನು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನಪಿಸಿದೆನು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಆ ಮಹಾತಾಯಿಯು ಹೆಚ್ಚಿನದನ್ನು ತಂದಲ್ಲಿಗೇ ಒಯ್ದು ಹಾಕಿ ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಅಕ್ಕಿ ಕಳವಿನದಲ್ಲ, ದುಡಿಮೆಯದೇ. ಆದರೂ ಇಂದಿಗೆ ಬೇಕಾದಷ್ಟನ್ನು ಮೀರಿದ್ದು ಆಸೆಯ ಅಕ್ಕಿಯೆಂಬುದನ್ನು ಆಕೆಯ ಕಣ್ಣು ಕಂಡಿತು. ಹೊಟ್ಟೆಗೂ ಸಾಲಕ್ಕೂ ಎರಡು ಪಾಳಿ ದುಡಿಯಲೇಬೇಕಾದ ಬಡ ತಾಯಂದಿರು ಎಷ್ಟೋ ಮಂದಿ ಇದ್ದಾರೆ. ಈ ಮಾತು ಅವರಿಗಲ್ಲ. ನನ್ನ ಶಿಷ್ಯೆಯ ಐದು ಪಾಳಿಗಳಲ್ಲಿ ಎಷ್ಟು ಅಗತ್ಯದ್ದು, ಎಷ್ಟು ಆಸೆಯ ಅಕ್ಕಿ ಎಂಬುದನ್ನು ನಾನು ಹೇಳಲಾರೆ. ಅಳೆಯುವ ಸೇರು ಆಕೆಯ ಮನೆಯಲ್ಲಿಯೇ ಇದೆ. ಹೆಚ್ಚಾದ ಅಕ್ಕಿಯನ್ನು ಮರಳಿಸಿದರೆ ಬರುವುದು ಬಿಡುವು. ಆ ಬಿಡುವಿನಲ್ಲಿ ದಾಸೋಹ ನಡೆಯಬೇಕು.

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಎಂದು ನಾವು ತಿಳಿದಿದ್ದೇವೆ. ಆ ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಮಾಡಿಟ್ಟ ಅಡಿಗೆಯನ್ನು ಮಕ್ಕಳು ಬಿಸಿ ಮಾಡಿಕೊಂಡು ಉಣ್ಣುತ್ತಾರೆ. ಬಡಿಸುವವರ ಹೊತ್ತು, ಕೇಳುವವರ ಕಿವಿ ಇವೇ ಅಲ್ಲಿ ಬರಗಾಲಕ್ಕೆ ಈಡಾಗಿವೆ. ಹದಿನೈದರ ಮಗಳು, ಹದಿನೇಳರ ಮಗ ನಿಮ್ಮ ಮನೆಗೆ ಬಂದ ಜಂಗಮರೆಂದು ತಿಳಿಯಿರಿ. ಜಂಗಮನೆಂದರೆ ಚಲಿಸುವವನು, ಇಂದು ಬಾಗಿಲಲ್ಲಿರುವವನು ನಾಳೆ ಮುಂದಿನ ಊರಿಗೆ. ಮಗನು ಇನ್ನೊಂದು ವರ್ಷದಲ್ಲಿ ವಿದ್ಯೆಗಾಗಿ ಮನೆ ಬಿಡುತ್ತಾನೆ, ಮಗಳು ಮೂರು ವರ್ಷದಲ್ಲಿ. ಬಂದ ಜಂಗಮನನ್ನು ‘ಊಟವಾಯಿತೇ’ ಎಂದು ಹೊಸ್ತಿಲಲ್ಲಿ ಕೇಳಿ ಒಳಗೆ ಹೋಗುವ ಭಕ್ತನುಂಟೇ?

ಇನ್ನು ಮಗಳ ಪ್ರಶ್ನೆ. ತಾಯಿ ಅದನ್ನು ಉದ್ಧಟತನವೆಂದು ಬಗೆದಿದ್ದಳು. ನನಗೆ ಅದು ಅನುಭವಮಂಟಪದ ಪ್ರಶ್ನೆಯಂತೆ ಕೇಳಿಸಿತು. ತರುಣಿಯಾದ ಅಕ್ಕಮಹಾದೇವಿಯು ಉಡುತಡಿಯನ್ನು ಬಿಟ್ಟು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಕಠಿನವಾಗಿ ಪ್ರಶ್ನಿಸಿದುದನ್ನೂ, ಆಕೆಯು ಅಂಜದೆ ಉತ್ತರಿಸಿದುದನ್ನೂ ಶೂನ್ಯಸಂಪಾದನೆಯು ವರ್ಣಿಸುತ್ತದೆ. ಪ್ರಶ್ನೆಯೇ ನಮ್ಮ ಧರ್ಮದ ಹೆಬ್ಬಾಗಿಲು. ಹಿರಿಯರು ಕೇಳಿದರೆ ಸರಿ, ಕಿರಿಯರು ಕೇಳಿದರೆ ತಪ್ಪು ಎಂಬ ಕಟ್ಟಳೆ ಅಲ್ಲಿರಲಿಲ್ಲ. ಆ ಹುಡುಗಿ ಲಿಂಗವನ್ನು ಕಸದಲ್ಲಿ ಎಸೆಯಲಿಲ್ಲ, ಜಗಲಿಯ ಮೇಲೆ ಇಟ್ಟಳು. ತಾಯಿ ಎಂದು ನೋಡುವಳೋ ಎಂದು ಕಾಯ್ದಳೆಂದೇ ನಾನು ತಿಳಿಯುತ್ತೇನೆ.

ಕೊನೆಗೆ ಆಕೆಗೆ ಮೂರು ಮಾತು ಹೇಳಿ ಕಳುಹಿಸಿದೆನು. ಒಂದು, ಮಗಳ ಕರಡಿಗೆಯ ಸುದ್ದಿ ಎತ್ತಬೇಡ. ನಿನ್ನ ಕರಡಿಗೆಯನ್ನು ತೆರೆ. ಪಾಳಿಗೆ ಹೊರಡುವ ಮುನ್ನ ಕಾಲು ಗಂಟೆ ಸಾಕು. ಆದರೆ ಮಕ್ಕಳು ಕಾಣುವ ಜಾಗದಲ್ಲಿ, ಅವಸರವಿಲ್ಲದೆ. ಎರಡು, ಪಾಳಿಯಿಲ್ಲದ ದಿನ ಒಂದು ಊಟವಾದರೂ ಎಲ್ಲರೂ ಕೂಡಿ, ಮೊಬೈಲುಗಳನ್ನು ದೂರವಿಟ್ಟು. ಮೂರು, ವಚನದ ಅರ್ಥವನ್ನು ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿಯೇ ಹೇಳು, ಅದು ಇಂಗ್ಲಿಷಾದರೂ ಚಿಂತೆಯಿಲ್ಲ. ಸಂಸ್ಕೃತ ಕಲಿತು ಹೊಟ್ಟೆ ಹೊರೆದ ನಾನೇ ಇದನ್ನು ಹೇಳುತ್ತಿದ್ದೇನೆ: ಶರಣರು ಜನರಿಗೆ ತಿಳಿಯಲೆಂದೇ ಕನ್ನಡದಲ್ಲಿ ನುಡಿದರು. ಕನ್ನಡದ ಅಕ್ಷರವನ್ನು ಅಕ್ಕರೆಯಿಂದ ಕಲಿಸು. ಅರ್ಥವನ್ನು ಮಾತ್ರ ಅಲ್ಲಿಯವರೆಗೆ ಕಾಯಿಸಬೇಡ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015 ರ ನವೆಂಬರ 14 ರಂದು ನಮ್ಮ ಪ್ರಧಾನಮಂತ್ರಿಗಳ ಹಸ್ತದಿಂದ ಬಸವಣ್ಣನವರ ಪ್ರತಿಮೆಯು ಅನಾವರಣಗೊಂಡದ್ದು ನಮಗೆಲ್ಲ ಹೆಮ್ಮೆ. ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಲಿ. ಆದರೆ ಪ್ರತಿಮೆಯು ಸ್ಥಾವರ. ಅದಕ್ಕೆ ಮಾತು ಬರಬೇಕಾದರೆ ಪಕ್ಕದಲ್ಲಿ ನಿಂತ ತಾಯಿ ಮಾತಾಡಬೇಕು.

ದೀಪಾವಳಿಯ ಹೊತ್ತಿಗೆ ಆಕೆಯ ಸುದ್ದಿ ಬಂದಿತು. ಪವಾಡವೇನೂ ನಡೆದಿಲ್ಲ. ಪಾಳಿಗಳು ಐದರಿಂದ ನಾಲ್ಕಕ್ಕೆ ಇಳಿದಿವೆ. ದೊಡ್ಡ ಮನೆಯ ಕಂತಿಗೆ ಸ್ವಲ್ಪ ಬಿಗಿಯಾಗಿದೆ. ಮಗನು ಊಟಕ್ಕೆ ಕುಳಿತು ಗೊಣಗುತ್ತಾನೆ, ಆದರೂ ಏಳುವುದಿಲ್ಲ. ಮಗಳು ಇನ್ನೂ ಲಿಂಗವನ್ನು ಧರಿಸಿಲ್ಲ. ಆದರೆ ಒಂದು ಮುಂಜಾನೆ ತಾಯಿ ಪೂಜೆಗೆ ಕುಳಿತಾಗ ಹಿಂದೆ ಬಂದು ನಿಂತು, “ಅಷ್ಟು ಹೊತ್ತು ಅದನ್ನೇ ನೋಡುತ್ತೀಯಲ್ಲ, ಏನು ಕಾಣುತ್ತದೆ?” ಎಂದು ಕೇಳಿದಳಂತೆ. “ನೀನು ಕುಳಿತು ನೋಡು ಎಂದೆ, ಗುರುಗಳೇ, ಪಕ್ಕದಲ್ಲಿ ಕುಳಿತಳು” ಎಂದು ಬರೆದಿದ್ದಾಳೆ. ಆ ಹುಡುಗಿ ಯಾವಾಗ ಧರಿಸುವಳೆಂದು ನಾನು ಕೇಳಲಿಲ್ಲ. ಬಿತ್ತಿದವನು ದಿನವೂ ಮಣ್ಣು ಕೆದರಿ ನೋಡಬಾರದು.

ಈ ಹೊತ್ತಗೆಯನ್ನು ಓದುವ ಅಜ್ಜ ಅಜ್ಜಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮಲ್ಲಿ ಅನೇಕರ ಮಗಳೋ ಸೊಸೆಯೋ ಇಂದು ಕಡಲಾಚೆ ಇದ್ದಾಳೆ. ಆಕೆಯೊಡನೆ ಮಾತಾಡುವಾಗ ‘ಪೂಜೆಯಾಯಿತೇ, ಮಕ್ಕಳ ಕೊರಳಲ್ಲಿ ಲಿಂಗವಿದೆಯೇ’ ಎಂದು ಮೊದಲು ಕೇಳಬೇಡಿರಿ. ‘ದಣಿದಿದ್ದೀಯಾ ತಾಯೀ, ಉಂಡೆಯಾ?’ ಎಂದು ಕೇಳಿರಿ. ಎಲ್ಲರ ದಣಿವನ್ನೂ ಕೇಳಿ ಬಂದವಳ ದಣಿವನ್ನು ಕೇಳುವವರು ಯಾರಾದರೂ ಇರಬೇಕು. ಹಾಗೆ ಕೇಳಿಸಿಕೊಂಡ ತಾಯಿಯೇ ತನ್ನ ಮಕ್ಕಳ ಬಾಗಿಲನ್ನು ಮೆಲ್ಲಗೆ ತಟ್ಟಬಲ್ಲಳು. ಹುಬ್ಬಳ್ಳಿಯ ಮನೆಯಲ್ಲಿಯೂ ಮಕ್ಕಳ ಬಾಗಿಲು ಮುಚ್ಚಿದೆ ಎಂದರೆ ಈ ಮಾತು ನಿಮಗೂ ಸಲ್ಲುತ್ತದೆ.

ದೂರವಿರುವ ತಾಯಂದಿರ ಕಾಯಕವು ಆಸೆಗೆ ಸಿಲುಕದೆ ದಾಸೋಹದಲ್ಲಿ ನಿಲ್ಲಲಿ. ಅವರ ಮಕ್ಕಳ ಪ್ರಶ್ನೆಗಳು ಮನೆಯಂಗಳವನ್ನೇ ಅನುಭವಮಂಟಪವನ್ನಾಗಿಸಲಿ ಎಂದು ಗುರುಬಸವಣ್ಣನವರ ಶ್ರೀಚರಣಗಳಲ್ಲಿ ಪ್ರಾರ್ಥಿಸುತ್ತೇನೆ.